ಗ್ಲೂನ್ ಅಂದರೆ ಮೊಣಕಾಲು

ನಾನು ಕಲಿತ ಮೊದಲ ಐರಿಷ್ ಪದ ಮೊಣಕಾಲು. ನಮಸ್ಕಾರ ಅಲ್ಲ, ಥ್ಯಾಂಕ್ಸ್ ಅಲ್ಲ, ಊಟ ಆಯಿತಾ ಅಲ್ಲ. ಮೊಣಕಾಲು. ಆ ಭಾಷೆಯಲ್ಲಿ ಅದು ಗ್ಲೂನ್. ಕೊನೆಯ ನಕಾರವನ್ನು ನಾಲಿಗೆ ಅಂಗುಳಕ್ಕೆ ಒತ್ತಿ ಹೇಳಬೇಕು, ಹೆಚ್ಚುಕಡಿಮೆ ನಮ್ಮ ಞ್ ಥರ. ಗದಗಿನ ಅಪ್ಪನಿಗೂ ಮೈಸೂರಿನ ಅಮ್ಮನಿಗೂ ನ್ಯೂಜೆರ್ಸಿಯಲ್ಲಿ ಹುಟ್ಟಿದ ಹುಡುಗಿಗೆ ಈ ಪದ ಯಾಕೆ ಬೇಕಿತ್ತು? ಫೋನನ್ನು ಮುಂದಿಟ್ಟುಕೊಂಡು ಈ ಕತೆಯ ಚೂರುಪಾರು ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಕಾಮೆಂಟಿನಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ವಿಡಿಯೋದಲ್ಲಿ ಉತ್ತರ ಹಿಡಿಸುವುದಿಲ್ಲ. ಅದಕ್ಕೆ ಒಂದಿಡೀ ಮನೆ ಬೇಕು, ಮೆಟ್ಟಿಲುಗಳ ಸಮೇತ.

ನಾವಿದ್ದದ್ದು ನ್ಯೂಜೆರ್ಸಿಯ ಹ್ಯಾರಿಸನ್ ಎಂಬ ಊರಿನಲ್ಲಿ. ಈಗ ಹ್ಯಾರಿಸನ್ ಎಂದರೆ ರೈಲ್ವೆ ಸ್ಟೇಷನ್ ಪಕ್ಕದ ಹೊಸ ಅಪಾರ್ಟ್‌ಮೆಂಟುಗಳು. ಸಮರ್‌ಸೆಟ್‌ನಲ್ಲಿರುವ ನನ್ನ ಗೆಳತಿಯರ ಮಕ್ಕಳು ಅಲ್ಲಿ ಬಾಡಿಗೆಗೆ ಹಿಡಿದು, ‘ಕಮ್ಯೂಟ್ ಮಾಡೋಕೆ ಸೋ ಕನ್ವೀನಿಯೆಂಟ್, ಆಂಟಿ’ ಎನ್ನುತ್ತಾರೆ. ನಾವಿದ್ದ ಕಾಲದಲ್ಲಿ ಅಲ್ಲಿದ್ದದ್ದು ಮರದ ಮನೆಗಳ ಸಾಲು. ಎರಡು ಮನೆಗಳ ನಡುವೆ ಒಬ್ಬ ದಪ್ಪ ಮನುಷ್ಯ ಸಿಕ್ಕಿಹಾಕಿಕೊಳ್ಳುವಷ್ಟೇ ಜಾಗ. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಇಬ್ಬರಿಗೂ ಒಂದೇ ಮುಂಬಾಗಿಲು. ನಮ್ಮ ಮಾಲೀಕಳ ಹೆಸರು ನೋರಾ. ಎತ್ತರದ ಹೆಂಗಸು, ಗಂಡ ತೀರಿಕೊಂಡಿದ್ದ, ಮಕ್ಕಳು ದೂರದ ಊರುಗಳಲ್ಲಿದ್ದರು. ಐರ್ಲೆಂಡಿನ ಪಶ್ಚಿಮದ ಕಡಲಂಚಿನ ಹಳ್ಳಿಯವಳು. ಇಂಗ್ಲಿಷ್ ಕಲಿತದ್ದು ಶಾಲೆಗೆ ಹೋದ ಮೇಲೆ. ಬೆಕ್ಕಿನ ಜೊತೆ, ಕೆಟಲಿನ ಜೊತೆ, ಸಿಟ್ಟು ಬಂದಾಗ ದೇವರ ಜೊತೆ ಐರಿಷಿನಲ್ಲೇ ಮಾತು. ನಾನು ಅವಳನ್ನು ಆಂಟಿ ಎಂದು ಕರೆದಾಗ, ‘ನಿನ್ನ ಅಪ್ಪನೂ ನನಗೆ ತಮ್ಮನಲ್ಲ, ಅಮ್ಮನೂ ತಂಗಿಯಲ್ಲ’ ಎಂದು ಬಾಗಿಲು ಹಾಕಿಕೊಂಡಿದ್ದಳು. ನಾನು ಕರೆಯುವುದನ್ನು ಬಿಡಲಿಲ್ಲ, ಅವಳು ತಿದ್ದುವುದನ್ನು ಬಿಟ್ಟಳು. ಅವಳು ಮಾತಾಡಿದ್ದೆಲ್ಲ ಇಂಗ್ಲಿಷು; ಇಲ್ಲಿ ಕನ್ನಡ ಮಾಡಿಕೊಂಡಿದ್ದೇನೆ, ಬೈಗುಳದ ಖಾರ ಸ್ವಲ್ಪ ಕಡಿಮೆಯಾಗಿದೆ, ಕ್ಷಮಿಸಿ.

ಅಜ್ಜಿ, ಎಂದರೆ ಅಪ್ಪನ ತಾಯಿ, ಗದಗಿನಿಂದ ಬಂದದ್ದು ಒಂದೇ ಒಂದು ಕೆಲಸಕ್ಕೆ. ಅಮ್ಮ ಎರಡನೆಯ ಬಸುರಿ. ಬಾಣಂತನ ಮಾಡಬೇಕಿದ್ದ ಮೈಸೂರಿನ ಅಜ್ಜಿ ತೀರಿಕೊಂಡು ಬಹಳ ಕಾಲವಾಗಿರಲಿಲ್ಲ. ಸೊಸೆಯ ಬಾಣಂತನ ಅತ್ತೆ ಮಾಡುವ ರೂಢಿ ನಮ್ಮಲ್ಲಿಲ್ಲ, ಆದರೂ ಅಜ್ಜಿ ವೀಸಾ ಮಾಡಿಸಿಕೊಂಡು, ಸೂಟ್‌ಕೇಸಿನ ಅರ್ಧಕ್ಕೆ ಜೋಳದ ಹಿಟ್ಟು, ಉಳಿದರ್ಧಕ್ಕೆ ಔಡಲೆಣ್ಣೆ, ಅಂಟು, ಲೋಬಾನ ತುಂಬಿಕೊಂಡು ಬಂದಿಳಿದಳು. ಬಂದ ಮರುದಿನವೇ ಸೀರೆಯನ್ನು ಮೊಣಕಾಲ ತನಕ ಏರಿಸಿ, ನೆಲದ ಮೇಲೆ ಕಾಲು ನೀಡಿ ಕೂತು ನನ್ನನ್ನು ಕರೆದಳು.

“ಸುಮಿ, ಇಲ್ಲೆ ಮುಟ್ಟಿ ನೋಡು. ನಿಮ್ಮಪ್ಪಗ ಎರದದ್ದು ಇದಽ ಕಾಲಿನ ಮ್ಯಾಲೆ. ನಿಮ್ಮತ್ತೀಗೂ. ಓಣಿಯೊಳಗಿನ ಅರ್ಧ ಮಂದಿಗೂ. ತಪ್ಪಿಸಿಕೊಂಡಾಕಿ ನೀ ಒಬ್ಬಾಕಿ.”

“ಐ ಟೇಕ್ ಶವರ್ಸ್, ಅಜ್ಜಿ.”

“ಅದಕ್ಕಽ ಹಿಂಗ ಒಣಕಲ ಆಗೀದಿ.”

ಆ ಕಾಲುಗಳ ಬಗ್ಗೆ ಅವಳಿಗೆ ಇದ್ದ ಹೆಮ್ಮೆ ಹಾಡುವವರಿಗೆ ಕಂಠದ ಬಗ್ಗೆ ಇರುವಂಥದ್ದು. ಓದು ಬರಹ ಅಷ್ಟಕ್ಕಷ್ಟೆ, ಆದರೆ ಕನ್ನಡದ ವರ್ಣಮಾಲೆ ಮಾತ್ರ ಕರಗತ. ಮಧ್ಯಾಹ್ನ ನಾನು ಶಾಲೆಯಿಂದ ಬಂದ ಮೇಲೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಕ ಖ ಗ ಘ ಙ ಹೇಳಿಸುತ್ತಿದ್ದಳು. ಒಂದು ಅಕ್ಷರಕ್ಕೆ ಒಂದು ಪೆಟ್ಟು. ಕೆಳಗಿನಿಂದ ನೋರಾ ಪೊರಕೆಯ ಹಿಡಿಯಿಂದ ತನ್ನ ಸೂರಿಗೆ ಕುಟ್ಟಿ ಸದ್ದು ನಿಲ್ಲಿಸಿ ಎನ್ನುತ್ತಿದ್ದಳು. ಅಜ್ಜಿ ಅದನ್ನು ತಾಳ ಎಂದುಕೊಂಡು ಇನ್ನೂ ಜೋರಾಗಿ ಬಡಿಯುತ್ತಿದ್ದಳು. ಅಮ್ಮ ಪಕ್ಕದೂರು ನ್ಯೂವರ್ಕಿನ ಆಫೀಸಿನಿಂದ ಹೊಟ್ಟೆ ಹೊತ್ತುಕೊಂಡು ಬಂದವಳು ಕುರ್ಚಿಯಲ್ಲಿ ಕುಸಿದು, ‘ಅತ್ತೆ, ಇವತ್ತು ಅನ್ನ ಸಾರು ಸಾಕಲ್ವಾ?’ ಎಂದರೆ ಅಜ್ಜಿ, ‘ಅನ್ನ ಉಂಡು ಕೂಸು ಹಡಿಯೋದು ಮೈಸೂರಾಗ’ ಎನ್ನುತ್ತಿದ್ದಳು. ಇದು ಜಗಳವೋ ಪ್ರೀತಿಯೋ ಎಂದು ನನಗೆ ಆಗ ಗೊತ್ತಾಗುತ್ತಿರಲಿಲ್ಲ. ಈಗಲೂ ಅಷ್ಟಾಗಿ ಗೊತ್ತಿಲ್ಲ.

ಅಜ್ಜಿಯ ದಿನ ಶುರುವಾಗುತ್ತಿದ್ದದ್ದು ಮುಂಬಾಗಿಲಲ್ಲಿ. ಎದ್ದು, ಒಂದು ಚರಿಗೆ ನೀರನ್ನು ಹೊಸ್ತಿಲಿಗೂ ಹೊರಗಿನ ಮೆಟ್ಟಿಲಿಗೂ ಸುರಿದು, ಪೊರಕೆಯಿಂದ ತಳ್ಳಿ, ರಂಗೋಲಿ ಹಾಕಿ ಬಂದ ಮೇಲೆಯೇ ಚಹಾ. ಬಾಗಿಲು ನೋರಾಳದ್ದೂ ಹೌದು ಎಂಬುದು ಅವಳಿಗೆ ಒಂದು ವಿಷಯವೇ ಆಗಿರಲಿಲ್ಲ. ನೋರಾ ಏನೂ ಅನ್ನುತ್ತಿರಲಿಲ್ಲ. ಅಷ್ಟೇ ಅಲ್ಲ, ರಂಗೋಲಿಯನ್ನು ತುಳಿಯದೆ, ಉದ್ದನೆಯ ಕಾಲನ್ನು ಪಕ್ಕಕ್ಕೆ ಹಾಕಿ ದಾಟಿ ಹೋಗುತ್ತಿದ್ದಳು. ಎಲೆ ಉದುರುವ ತನಕ ಎಲ್ಲ ಸರಿಯಾಗಿತ್ತು. ಆಮೇಲೆ ಚಳಿ ಬಿತ್ತು. ಹಿಮ ಹೆಪ್ಪುಗಟ್ಟಬಾರದೆಂದು ನೋರಾ ಮೆಟ್ಟಿಲ ಮೇಲೆ ಕಲ್ಲುಪ್ಪು ಎರಚತೊಡಗಿದಳು. ಅಜ್ಜಿ ಕಿಟಕಿಯಿಂದ ನೋಡಿದಳು.

“ಕೆಳಗಿನಾಕೀಗೂ ರಂಗೋಲಿ ಹುಚ್ಚು ಹತ್ತೇತಿ ನೋಡು. ಪಾಪ, ಎಳಿ ಎಳಿಯಾಕ ಬರಂಗಿಲ್ಲ. ಸುಮ್ಮ ಚೆಲ್ಲತಾಳ.”

ಪಾಪದವಳ ತಪ್ಪನ್ನು ತಿದ್ದೋಣ ಎಂದು ಅಜ್ಜಿ ಉಪ್ಪನ್ನೆಲ್ಲ ಗುಡಿಸಿ ತೆಗೆದಳು. ಎಂದಿನಂತೆ ಚರಿಗೆ ನೀರು ಸುರಿದಳು. ಮೇಲೆ ಚೆಂದದ ರಂಗೋಲಿ ಹಾಕಿದಳು. ಅವತ್ತು ಭಾನುವಾರ. ನೀರು ಗಾಜಾಯಿತು. ಚರ್ಚಿಗೆಂದು ಒಳ್ಳೆಯ ಕೋಟು ಹಾಕಿ ಹೊರಟ ನೋರಾ ರಂಗೋಲಿ ತುಳಿಯಬಾರದೆಂದು ಕಾಲು ಪಕ್ಕಕ್ಕೆ ಇಟ್ಟಳು, ಆ ಕಾಲು ಅವಳ ಮಾತು ಕೇಳಲಿಲ್ಲ. ಬಿದ್ದ ಸದ್ದಿಗೆ ಅಜ್ಜಿ ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿಕೊಂಡೇ ಕೆಳಗಿಳಿದು ಓಡಿದಳು. ಓಡಿದ್ದು ಎರಡೇ ಹೆಜ್ಜೆ. ನಾನು ಕಿಟಕಿಯಿಂದ ಕಂಡದ್ದು ಮೆಟ್ಟಿಲ ಬುಡದಲ್ಲಿ ಪಕ್ಕಪಕ್ಕ ಕೂತ ಇಬ್ಬರು ಮುದುಕಿಯರನ್ನು. ಒಬ್ಬಳು ಎಡಮೊಣಕಾಲು ಹಿಡಿದುಕೊಂಡು ಒಂದು ಭಾಷೆಯಲ್ಲಿ ಕಿರುಚುತ್ತಿದ್ದಳು, ಇನ್ನೊಬ್ಬಳು ಬಲಮೊಣಕಾಲು ಹಿಡಿದುಕೊಂಡು ಇನ್ನೊಂದು ಭಾಷೆಯಲ್ಲಿ. ಇಬ್ಬರೂ ಹೇಳುತ್ತಿದ್ದದ್ದು ಬಹುಶಃ ಒಂದೇ.

“ಅವ್ವಾ, ಈ ಚಳಿಯೊಳಗ ಹೊರಗ ನೀರು ಹಾಕ್ತಾರೇನು? ಬರ್ಫ ಆಗತದ!” ಅಪ್ಪ ಎತ್ತುತ್ತಾ ಬೈದ.

“ನೀರು ಅಂದ ಮ್ಯಾಲೆ ಹರದು ಹೋಗಬೇಕಪ್ಪ. ನಿಂದರೋ ನೀರು ಎಂಥಾ ನೀರು? ತಪ್ಪು ನಂದಲ್ಲ, ನಿಮ್ಮ ದೇಶದ್ದು.”

ಇಬ್ಬರಿಗೂ ಮೂಳೆ ಮುರಿದಿರಲಿಲ್ಲ. ಒಳಗಿನ ನಾರುಗಳಿಗೆ ಪೆಟ್ಟು ಬಿದ್ದಿತ್ತು. ಅಜ್ಜಿಯ ಬಲಗಾಲು ಪೂರ್ತಿ ಮಡಚುವುದೂ ಇಲ್ಲ, ಪೂರ್ತಿ ನೀಡುವುದೂ ಇಲ್ಲ ಎಂಬಂತಾಯಿತು. ಅಪ್ಪನಿಗೆ ಹೆದರಿಕೆ ಬೇರೆಯದು. ‘ಕೋರ್ಟಿಗೆ ಹೋಗಿ ಸೂ ಮಾಡಿದ್ರೆ ನಮ್ಮ ಕತೆ ಮುಗೀತು’ ಎಂದು ಅಮ್ಮನ ಹತ್ತಿರ ಪಿಸುಗುಟ್ಟಿದ. ‘ಮನೆ ಖಾಲಿ ಮಾಡಿ ಅಂದ್ರೆ? ನಾನು ಈ ಹೊಟ್ಟೆ ಇಟ್ಕೊಂಡು ಎಲ್ಲಿಗೆ ಹೋಗ್ಲಿ?’ ಎಂದು ಅಮ್ಮ. ನೋರಾ ಎರಡನ್ನೂ ಮಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದಳು: ಪೊರಕೆಯಿಂದ ಕುಟ್ಟುವುದನ್ನು ನಿಲ್ಲಿಸಿದಳು. ಅಜ್ಜಿ ರೊಟ್ಟಿ ಬಡಿದರೆ ಕೆಳಗಿನಿಂದ ಉತ್ತರವಿಲ್ಲ. ಅಜ್ಜಿ ಬೇಕೆಂದೇ ಜೋರಾಗಿ ಬಡಿದಳು, ನಿಂತು ಕೇಳಿಸಿಕೊಂಡಳು, ಮತ್ತೆ ಬಡಿದಳು. ಏನೂ ಇಲ್ಲ. ಆಮೇಲೆ ರೊಟ್ಟಿ ಮೆತ್ತಗೆ ಬಡಿಯತೊಡಗಿದಳು. ಹಾಗೆ ಬಡಿದ ರೊಟ್ಟಿ ದಪ್ಪ ಬರುತ್ತದೆ. ನಾವು ಅದನ್ನೇ ತಿಂದೆವು.

ತಮ್ಮ ಹುಟ್ಟಿದ. ಹೊಕ್ಕುಳಬಳ್ಳಿ ಉದುರುವ ತನಕ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಜ್ಜಿಗೆ ಅದು ಒಪ್ಪಿಗೆಯೇ, ಬಳ್ಳಿ ಉದುರಲಿ ಎಂದಳು. ಬಳ್ಳಿ ಉದುರಿತು. ಎರೆಯಬೇಕಾದ ದಿನ ಬೆಳಿಗ್ಗೆ ಅವಳು ನೆಲಕ್ಕೆ ಕೂರಲು ಹೋಗಿ ಅರ್ಧದಲ್ಲೇ ಮಂಚದ ಕಾಲು ಹಿಡಿದು ನಿಂತುಬಿಟ್ಟಳು. ಮುಖ ಬೆವೆತಿತ್ತು. ಅಪ್ಪ ಆಫೀಸಿಗೆ ಹೊರಡುವಾಗ ಬಾಗಿಲಲ್ಲಿ ಅಡ್ಡ ನಿಂತಳು.

“ಟಿಕೀಟು ತಗಸು.”

“ಯಾಕವ್ವ?”

“ಎರಿಯಾಕ ಬಂದಿದ್ದೆ. ಎರಿಯಾಕ ಆಗವಲ್ದು. ಕುಂತು ಉಣ್ಣಾಕ ಇಷ್ಟು ದೂರ ಯಾಕ ಇರ್ಲಿ?”

ಒಳಗಿನಿಂದ ಅಮ್ಮ, “ಅತ್ತೆ, ಹಾಗೆಲ್ಲ ಅನ್ಬೇಡಿ. ಪ್ಲಾಸ್ಟಿಕ್ ಟಬ್ ತಂದಿದೀವಲ್ಲ, ಅದ್ರಲ್ಲೇ ನೀವೇ ಸ್ನಾನ ಮಾಡ್ಸಿ” ಎಂದಳು.

ಅಜ್ಜಿ ಆ ನೀಲಿ ಟಬ್ಬನ್ನು ಎತ್ತಿ ತಿರುಗಿಸಿ ನೋಡಿದಳು.

“ಇದು ಬದನಿಕಾಯಿ ತೊಳಿಯೋದು.”

ಕೆಳಗಿಟ್ಟಳು. ಅಪ್ಪ, ‘ಸಂಜೀಕ ಮಾತಾಡೋಣು’ ಎಂದು ಟ್ರೇನಿಗೆ ಓಡಿದ. ಅಜ್ಜಿ ತಮಾಷೆಗೆ ಏನೂ ಹೇಳುವವಳಲ್ಲ. ಅವಳನ್ನು ಇಲ್ಲಿ ಇರಿಸಿಕೊಂಡದ್ದು ನಾವಲ್ಲ, ಆ ಕೆಲಸ. ಅದಿಲ್ಲದಿದ್ದರೆ ಅವಳಿಗೆ ಈ ಮನೆಯಲ್ಲಿ ತಾನು ಅತಿಥಿ. ನಮ್ಮ ಅಜ್ಜಿ ಅತಿಥಿಯಾಗಿ ಒಂದು ದಿನವೂ ಬದುಕುವ ಹೆಂಗಸಲ್ಲ. ಇದನ್ನು ಒಂಬತ್ತು ವರ್ಷದ ನಾನು ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಜ್ಜಿ ಹೋಗುತ್ತಾಳೆ ಎಂಬುದಷ್ಟೇ ಗೊತ್ತಿತ್ತು.

ಅವತ್ತು ಶಾಲೆಯಿಂದ ಬಂದಾಗ ಅಮ್ಮನೂ ಕೂಸೂ ಮಲಗಿದ್ದರು. ಅಜ್ಜಿ ಬಚ್ಚಲಮನೆಯಿಂದ ಮೆಲ್ಲಗೆ ಕರೆದಳು. ನಿನ್ನ ಗೊಂಬಿ ತಾ. ದೊಡ್ಡದು. ಕೊಟ್ಟೆ. ಅವಳು ಹೇಗೋ ಗೋಡೆ ಹಿಡಿದು, ಸಿಂಕು ಹಿಡಿದು, ಟಾಯ್ಲೆಟ್ಟು ಹಿಡಿದು ಟೈಲ್ಸ್ ನೆಲದ ಮೇಲೆ ಕೂತೇಬಿಟ್ಟಿದ್ದಳು. ಎಡಗಾಲು ನೇರ ಚಾಚಿತ್ತು, ಬಲಗಾಲು ಗುಡ್ಡದ ಹಾಗೆ ಎದ್ದಿತ್ತು. ಗೊಂಬೆಯನ್ನು ಕಾಲ ಮೇಲೆ ಮಲಗಿಸಿದಳು, ಅದು ಬಲಗಾಲ ಗುಡ್ಡದಿಂದ ಜಾರಿ ಪಕ್ಕಕ್ಕೆ ಬಿತ್ತು. ಮತ್ತೆ ಮಲಗಿಸಿದಳು. ಬಕೆಟ್ಟಿನಿಂದ ತಂಬಿಗೆ ತಂಬಿಗೆ ನೀರು ಸುರಿದಳು, ಗೊಂಬೆ ಜಾರಿತು. ಹಲ್ಲು ಕಚ್ಚಿ ಬಲಗಾಲನ್ನು ಕೈಯಿಂದ ಒತ್ತಿ ಚಪ್ಪಟೆ ಮಾಡಲು ನೋಡಿದಳು. ಕಣ್ಣಲ್ಲಿ ನೀರು ಬಂತು, ಒತ್ತುವುದು ಬಿಡಲಿಲ್ಲ. ಬಕೆಟ್ಟು ಬರಿದಾಯಿತು. ನಮ್ಮೂರ ಬಚ್ಚಲಲ್ಲಾದರೆ ಆ ನೀರು ಮೂಲೆಯ ತೂತಿನಿಂದ ಹಿತ್ತಲಿಗೆ ಹೋಗುತ್ತದೆ. ಅಮೆರಿಕದ ಬಚ್ಚಲಮನೆಯ ನೆಲಕ್ಕೆ ತೂತಿರುವುದಿಲ್ಲ. ನೀರು ತನಗೆ ತಿಳಿದ ದಾರಿ ಹಿಡಿಯಿತು.

ಮೆಟ್ಟಿಲ ಮೇಲೆ ಒಂದು ಜೋರು ಹೆಜ್ಜೆ, ಒಂದು ಎಳೆದ ಹೆಜ್ಜೆ ಕೇಳಿಸಿತು. ನೋರಾ ಒಳಗೇ ನುಗ್ಗಿ ಬಂದಳು. ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಜೀಸಸ್, ಮೇರಿ ಅಂಡ್ ಜೋಸೆಫ್! ಹೊರಗೆ ನನ್ನ ಕಾಲು ತೆಗೆದದ್ದು ಸಾಲದು ಅಂತ ಈಗ ನನ್ನ ಟೀ ಕಪ್ಪಿನೊಳಗೇ...”

ಅಲ್ಲಿಗೆ ನಿಂತಳು. ಒದ್ದೆ ಸೀರೆ, ಗೊಂಬೆ, ಅಳುತ್ತಿರುವ ಮುದುಕಿ, ಬಾಗಿಲಿಗೆ ಅಂಟಿಕೊಂಡ ನಾನು. ಅಜ್ಜಿ ಏಳಲು ನೋಡಿದಳು, ಆಗಲಿಲ್ಲ. ನೋರಾ ಬೈಯುತ್ತಲೇ ಕೈ ಕೊಟ್ಟಳು. ಎಳೆದಳು. ಅವಳ ಎಡಗಾಲು ಕೈಕೊಟ್ಟಿತು, ಒದ್ದೆ ಟೈಲ್ಸ್ ಉಳಿದ ಕೆಲಸ ಮಾಡಿತು. ಅಜ್ಜಿಯ ಎಡಕ್ಕೆ, ಧೊಪ್ಪೆಂದು, ಅವಳೂ ನೆಲಕ್ಕೆ. ಈಗ ಇಬ್ಬರೂ ಏಳುವ ಹಾಗಿಲ್ಲ. ನೋರಾ ತನ್ನ ಎಡಮೊಣಕಾಲಿಗೆ ಚಟಾರನೆ ಒಂದು ಬಾರಿಸಿ, ಇಂಗ್ಲಿಷ್ ಬಿಟ್ಟು, ಹಲ್ಲಿನ ನಡುವಿನಿಂದ ಹೇಳಿದಳು.

“ಗ್ಲೂನ್.”

ಅಜ್ಜಿ ಅವಳನ್ನು ದಿಟ್ಟಿಸಿದಳು. ತನ್ನ ಬಲಮೊಣಕಾಲಿಗೆ ಬಾರಿಸಿಕೊಂಡಳು.

“ಮೊಣಕಾಲು.”

ನೋರಾ ನಕ್ಕಳು. ಅವಳು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಆಮೇಲೆ ಅವಳ ಕಣ್ಣು ಗೊಂಬೆಯ ಮೇಲೆ, ಚಾಚಿದ ಕಾಲಿನ ಮೇಲೆ ಹೋಯಿತು. ನನ್ನ ಕಡೆ ತಿರುಗಿ, ಇದು ಏನು, ಯಾಕೆ ಎಂದು ಕೇಳಿದಳು. ಕೂಸಿಗೆ ಸ್ನಾನ, ಕಾಲ ಮೇಲೆ, ಅವಳ ಕಾಲು ಬರುತ್ತಿಲ್ಲ, ಅದಕ್ಕೆ ಊರಿಗೆ ಹೋಗುತ್ತಾಳೆ ಎಂದು ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟೆ. ನೋರಾಳ ಹಳ್ಳಿಯಲ್ಲಿ ಅವಳ ತಾಯಿ ಹೆರಿಗೆ ಮಾಡಿಸುವವಳಾಗಿದ್ದಳಂತೆ. ಅಂಥವಳಿಗೆ ಅವರ ಭಾಷೆಯಲ್ಲಿ ಬ್ಯಾನ್ ಘ್ಲೂನ್ಯ ಎನ್ನುತ್ತಾರೆ: ಮೊಣಕಾಲ ಹೆಂಗಸು. ಹುಟ್ಟುವ ಕೂಸನ್ನು ಮಂಡಿಯ ಮೇಲೆ ಬರಮಾಡಿಕೊಳ್ಳುವವಳು. ನಾನು ಕನ್ನಡ ಮಾಡಿ ಹೇಳಿದಾಗ ಅಜ್ಜಿ, ‘ಸೂಲಗಿತ್ತಿ’ ಎಂದಳು. ನೋರಾ ಅಷ್ಟು ಹೇಳಿ ಕಾಲಿನ ಸ್ಟಾಕಿಂಗ್ಸ್ ಕಳಚಿ ಎಸೆದಳು. ನೋಯದ ತನ್ನ ಬಲಗಾಲನ್ನು ಅಜ್ಜಿಯ ನೋಯದ ಎಡಗಾಲಿನ ಪಕ್ಕಕ್ಕೆ ಚಾಚಿದಳು. ಒಂದು ಕಪ್ಪು, ಕಡ್ಡಿಯಂಥದ್ದು, ಬೆರಳಿಗೆ ಕಾಲುಂಗುರ. ಇನ್ನೊಂದು ಬಿಳುಪು, ಉದ್ದ, ನೀಲಿ ನರಗಳು. ಅಜ್ಜಿ ಒಂದು ಕ್ಷಣ ನೋಡಿದಳು. ಆಮೇಲೆ ಗೊಂಬೆಯನ್ನು ಎತ್ತಿ ಆ ಎರಡು ಕಾಲುಗಳ ಮೇಲೆ ಮಲಗಿಸಿ ಒಂದು ತಂಬಿಗೆ ನೀರು ಹಾಕಿದಳು. ಗೊಂಬೆ ಜಾರಲಿಲ್ಲ.

ಅಮ್ಮ ಎದ್ದು ಬಂದಿದ್ದಳು. ಕೂಸು ಅವಳ ಭುಜದ ಮೇಲೆ. ನೆಲದ ಮೇಲಿನ ದೃಶ್ಯವನ್ನು ನೋಡಿ ಕೂಸನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

“ಏನಿದು ಅತ್ತೆ?”

“ಸುಮ್ಮನಿರು. ಕಾಲು ಸಿಕ್ಕೇತಿ.”

“ಕೂಸು ಜಾರಿದ್ರೆ?”

“ಕೇಳು ಈಕೀನ್ನ. ಈಕಿ ತಾಯಿ ಸೂಲಗಿತ್ತಿ ಅಂತ.”

ನೋರಾ ಮಾತ್ರ ನೇರ ವ್ಯವಹಾರಕ್ಕೆ ಬಂದಳು. “ಇಲ್ಲಿ ಇನ್ನೊಂದು ಹನಿ ಚೆಲ್ಲಿದರೂ ನಿಮ್ಮನ್ನೆಲ್ಲ ಬೀದಿಗೆ ಹಾಕುತ್ತೇನೆ. ನನ್ನ ಬೇಸ್‌ಮೆಂಟಿನಲ್ಲಿ ಬಾಯ್ಲರ್ ಇದೆ. ನೆಲದಲ್ಲಿ ಡ್ರೇನ್ ಇದೆ. ಅಲ್ಲಿಗೆ ಬನ್ನಿ.”

“ಏನಂತಾಳ?” ಅಜ್ಜಿ ನನ್ನ ಕೇಳಿದಳು.

“ಶಿ ಹ್ಯಾಸ್ ಎ ಬಚ್ಚಲು, ಅಜ್ಜಿ. ಕೆಳಗೆ.”

ಅಮ್ಮ ಬಹಳ ಹೊತ್ತು ಕೂಸಿನ ಬೆನ್ನು ತಟ್ಟುತ್ತಾ ನಿಂತಳು. ತನ್ನ ತಾಯಿ ಇದ್ದಿದ್ದರೆ ಅವರೂ ಕಾಲ ಮೇಲೆಯೇ ಎರೆಯುತ್ತಿದ್ದರು ಎಂಬುದು ಅವಳಿಗೂ ಗೊತ್ತಿತ್ತು. ಕೊನೆಗೆ ಹೇಳಿದಳು:

“ಒಂದೇ ಸಲ. ನಾನು ಪಕ್ಕದಲ್ಲೇ ಇರ್ತೀನಿ. ಬೀಳಿಸಿದ್ರೆ ಇಬ್ರನ್ನೂ ಬಿಡಲ್ಲ.”

ಮರುದಿನ ಅಪ್ಪ ರಜೆ ಹಾಕಿದ, ಇಬ್ಬರನ್ನೂ ಒಬ್ಬೊಬ್ಬರಾಗಿ ಬೇಸ್‌ಮೆಂಟಿಗೆ ಇಳಿಸಿದ. ಆ ನೆಲಮಾಳಿಗೆಯನ್ನು ನೋಡಿದ ಕೂಡಲೇ ಅಜ್ಜಿಯ ಮುಖ ಬಿಚ್ಚಿಕೊಂಡಿತು. ಸಿಮೆಂಟಿನ ನೆಲ, ಮೂಲೆಗೆ ಇಳಿಜಾರು, ತೂತು. ಗೋಡೆಗೊತ್ತಿ ಗುಡುಗುಡು ಎನ್ನುವ ಬಾಯ್ಲರು, ಬೆಚ್ಚನೆಯ ಕತ್ತಲೆ. ‘ಹಂಡೇ ಒಲಿ ಇಟ್ಟಾಳಲ್ಲೋ!’ ಎಂದಳು. ಮರದ ಎರಡು ಪೆಟ್ಟಿಗೆಗಳನ್ನು ಕವುಚಿ ಮಣೆ ಮಾಡಿದರು. ನೋರಾಳ ಕಾಲು ಉದ್ದ, ಅಜ್ಜಿಯದು ಗಿಡ್ಡ, ಹಾಗಾಗಿ ಮಂಡಿಗೆ ಮಂಡಿ ಹೊಂದಲಿಲ್ಲ. ನೋರಾಳ ಪೆಟ್ಟಿಗೆಯನ್ನು ಹಿಂದೆ ತಳ್ಳಿ ಸರಿಮಾಡಿದರು. ಎರಡು ಕಾಲಿನ ನಡುವಿನ ಸಂದಿಗೆ ಹಳೆಯ ಸೀರೆಯ ಮಡಿಕೆ. ಬೆಚ್ಚಗೆ ಮಾಡಿದ ಔಡಲೆಣ್ಣೆಯನ್ನು ನೆತ್ತಿಗೆ ಒತ್ತಿ, ಎದೆಯ ಮೇಲೆ ಕೈ ಅಡ್ಡಡ್ಡ ಮಡಚಿ ಬಿಚ್ಚಿ, ಕಡಲೆಹಿಟ್ಟು ಹಚ್ಚಿ, ಕೂಸನ್ನು ಬೋರಲು ಹಾಕಿ ಅಜ್ಜಿ ನೀರು ಸುರಿಯುತ್ತಿದ್ದರೆ ನೋರಾ ದೊಡ್ಡ ಅಂಗೈಯನ್ನು ಅದರ ಹಣೆಗೆ ಆನಿಸಿ, ಮೂಗಿಗೆ ನೀರು ಹೋಗದಂತೆ ತಡೆ ಹಿಡಿದಿದ್ದಳು. ತಮ್ಮ ಇಡೀ ಹ್ಯಾರಿಸನ್ನಿಗೆ ಕೇಳುವಂತೆ ಕಿರುಚಿದ. ಆಮೇಲೆ ಬೆನ್ನಿಗೆ ಬಿಸಿನೀರು ಬೀಳುತ್ತಿದ್ದಂತೆ ಒಮ್ಮೆಲೇ ಸುಮ್ಮನಾಗಿ, ಬಾಯಿ ತೆರೆದುಕೊಂಡು, ಆ ಕರಿಯ ಮಂಡಿ, ಈ ಬಿಳಿಯ ಮಂಡಿ ಎರಡರ ಮೇಲೂ ಚಾಚಿಕೊಂಡು ನಿದ್ದೆಗೆ ಜಾರಿದ. ಅಮ್ಮ ಪಕ್ಕದಲ್ಲಿ ಎರಡೂ ಕೈ ಚಾಚಿಕೊಂಡೇ ನಿಂತಿದ್ದಳು, ಕೈ ಇಳಿಸಲು ಮರೆತಿದ್ದಳು. ಕೊನೆಗೆ ಅಜ್ಜಿ ಕೆಂಡಕ್ಕೆ ಲೋಬಾನ ಹಾಕಿದ್ದೇ ತಡ, ಸ್ಮೋಕ್ ಅಲಾರಂ ಅರಚತೊಡಗಿತು. ನೋರಾ ಕೂತಲ್ಲಿಂದಲೇ ಪೊರಕೆ ಎತ್ತಿ ಅದನ್ನು ಬಡಿದು ಬೀಳಿಸಿದಳು.

‘ಒಂದೇ ಸಲ’ ಎಂದ ಅಮ್ಮ ಮರುದಿನ ತಾನೇ ಎಣ್ಣೆ ಬಿಸಿಮಾಡಿ ಇಟ್ಟಳು.

ಐರಿಷ್ ವ್ಯಾಕರಣ ನಾನು ಕಲಿತದ್ದು ಆ ಬೇಸ್‌ಮೆಂಟಿನಲ್ಲಿ, ನೀರು ಹದಕ್ಕೆ ಬರುವ ತನಕ. ನೋರಾ ತನ್ನ ಮಂಡಿ ಮುಟ್ಟಿ ‘ಮೊ ಘ್ಲೂನ್’ ಎನ್ನುತ್ತಿದ್ದಳು, ನನ್ನ ಮೊಣಕಾಲು. ತಮ್ಮನ ಬೆಣ್ಣೆಯಂಥ ಮಂಡಿ ಮುಟ್ಟಿ ‘ಅ ಘ್ಲೂನ್’, ಅವನ ಮೊಣಕಾಲು. ಅಜ್ಜಿಯದನ್ನು ಮುಟ್ಟಿ ‘ಅ ಗ್ಲೂನ್’, ಅವಳದು. ಅಜ್ಜಿಯನ್ನೂ ತಮ್ಮನನ್ನೂ ಸೇರಿಸಿ ತೋರಿಸಿದರೆ ‘ಅ ಙ್ಲೂನ್’, ಅವರದು. ಅವನ, ಅವಳ, ಅವರ ಎಲ್ಲಕ್ಕೂ ಅದೇ ಸಣ್ಣ ‘ಅ’. ಯಾರದೆಂದು ತಿಳಿಯುವುದು ಮಂಡಿಯ ಮೊದಲ ಅಕ್ಷರದಿಂದ. ನಮ್ಮಲ್ಲಿ ಪದದ ಬಾಲ ಬದಲಾಗುತ್ತದೆ: ಕಾಲು, ಕಾಲಿಗೆ, ಕಾಲಿನಿಂದ. ಇವರಲ್ಲಿ ಮೂಗೇ ಬದಲಾಗುತ್ತದೆ. ಆ ಘಕಾರ ನಮ್ಮದಲ್ಲ, ಗಂಟಲಲ್ಲಿ ನೀರು ಮುಕ್ಕಳಿಸಿದ ಹಾಗೆ ಮೆತ್ತಗಿನದು, ಆದರೂ ನನಗೆ ಥಟ್ಟನೆ ಹೊಳೆಯಿತು. ಗ, ಘ, ಙ! ರೊಟ್ಟಿಯ ಪೆಟ್ಟಿಗೆ ನಾನು ಒಪ್ಪಿಸುತ್ತಿದ್ದ ಸಾಲು. ಕನ್ನಡ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಙಕಾರಕ್ಕೆ ಐರ್ಲೆಂಡಿನಲ್ಲಿ ಖಾಯಂ ನೌಕರಿ. ಅಜ್ಜಿಗೆ ಓಡಿ ಹೇಳಿದೆ.

“ಙ ಅಂತ ಖರೇನಽ ಅನ್ನೋ ಮಂದಿ ಅದಾರ?” ಅಜ್ಜಿ ನೋರಾಳ ಬಾಯಿಯನ್ನೇ ನೋಡಿದಳು. “ಇನ್ನೊಮ್ಮೆ ಅನಸು.”

ನೋರಾ ಅಂದಳು. ಅಜ್ಜಿ ಕೈ ಮುಗಿದಳು, ನಿಜವಾಗಿಯೂ.

ಇನ್ನೊಂದು ಪಾಠ ಅಷ್ಟು ಸಲೀಸಾಗಿ ಹೋಗಲಿಲ್ಲ. ಜೋಡಿಯಾಗಿರಬೇಕಾದ ಅಂಗ ಒಂದೇ ಇದ್ದರೆ ಐರಿಷಿನವರು ಅದಕ್ಕೆ ಒಂದು ಎನ್ನುವುದಿಲ್ಲ, ಅರ್ಧ ಎನ್ನುತ್ತಾರೆ. ಒಂದು ಕಣ್ಣಿನವನಿಗೆ ಇರುವುದು ಅರ್ಧಕಣ್ಣು. ಒಂದು ಮಂಡಿಯೂರಿದವನು ಅರ್ಧಮಂಡಿಯ ಮೇಲಿದ್ದಾನೆ. ಎರಡೂ ಸೇರಿದ್ದೇ ಅವರ ಲೆಕ್ಕದಲ್ಲಿ ಒಂದು. ನೋರಾ ತನ್ನದನ್ನೂ ಅಜ್ಜಿಯದನ್ನೂ ತಟ್ಟಿ ‘ಲ್ಯಾಘ್ಲೂನ್’ ಎಂದಳು, ಅರ್ಧ, ಅರ್ಧ. ನಾನು ಕನ್ನಡ ಮಾಡಿ ಹೇಳಿದೆ.

“ಅರ್ಧ ಅಂತಾಳೇನು ನನಗ? ಆಕಿನಽ ಅರ್ಧ. ಆಕೀ ಅಪ್ಪ ಅರ್ಧ.”

ಅವತ್ತು ಅಜ್ಜಿ ಕೂಸಿಗೆ ಎರೆದಳು, ಆದರೆ ಪಕ್ಕದವಳ ಕಡೆ ತಿರುಗಿಯೂ ನೋಡಲಿಲ್ಲ. ಕಾಲು ಮಾತ್ರ ತೆಗೆಯಲಿಲ್ಲ.

ಆಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಬೇರೆ ಏನೋ ಹುಡುಕುತ್ತಿದ್ದಾಗ ಈ ಪದದ ಹುಟ್ಟು ಸಿಕ್ಕಿತು. ಹಿಂದೆ ಅದು ಗ್ಲೂನ್ ಕೂಡ ಆಗಿರಲಿಲ್ಲವಂತೆ, ಕೊನೆಯಲ್ಲಿ ಆ ಞಕಾರದ ಸೆಳೆತವಿಲ್ಲದ ಬರೀ ನಕಾರದ ಪದ. ‘ಮಂಡಿಯ ಮೇಲೆ’, ‘ಮಂಡಿಗೆ’ ಎನ್ನುವಾಗ ಬರುತ್ತಿದ್ದ ರೂಪವೇ ಬಳಸಿ ಬಳಸಿ ಹೆಸರಾಗಿ ಕೂತಿತು. ನನಗೆ ಇದು ಎಷ್ಟು ಇಷ್ಟವಾಯಿತೆಂದರೆ, ಅಲ್ಲೇ ಗಟ್ಟಿಯಾಗಿ ನಕ್ಕು ಬೈಸಿಕೊಂಡೆ. ಸುಮ್ಮನೆ ಇದ್ದ ಮಂಡಿಯ ಬಗ್ಗೆ ಯಾರು ಮಾತಾಡುತ್ತಾರೆ? ಅದರ ಮೇಲೆ ಯಾರೋ ಕೂತಿರಬೇಕು, ಅದಕ್ಕೆ ಪೆಟ್ಟು ಬಿದ್ದಿರಬೇಕು. ಇನ್ನೂ ಹಿಂದೆ ಹೋದರೆ ಅದರ ಬೇರೂ ಇಂಗ್ಲಿಷಿನ ‘ನೀ’ ಪದದ ಬೇರೂ ಒಂದೇ. ಸಂಸ್ಕೃತದ ಜಾನುವೂ ಅದೇ ಬಳ್ಳಿ. ಫೋನಿನಲ್ಲಿ ಅಪ್ಪನಿಗೆ ಹೇಳಿದರೆ, ‘ಆಜಾನುಬಾಹು ಅಂತೀವಲ್ಲ, ಅದಽ ಜಾನು! ನೋರಾನ್ನ ನೋಡಿದಾಗೆಲ್ಲ ನನಗ ಅದಽ ನೆನಪಾಗತಿತ್ತು’ ಎಂದ. ಮೊಣಕಾಲು ಮಾತ್ರ ಬೇರೆ ಮನೆತನದ್ದು, ಅಪ್ಪಟ ನಮ್ಮದು, ಮೊಣಕೈಯ ಒಡಹುಟ್ಟು. ಹಾಗಾಗಿ ಆ ಎರಡು ಪದಗಳು ದೂರದ ನೆಂಟರೂ ಅಲ್ಲ. ತಲೆಮಾರು ಎನ್ನಲು ನಾವು ತಲೆಯನ್ನು ಹಿಡಿದರೆ ಐರಿಷಿನವರು ಮಂಡಿಯನ್ನು ಹಿಡಿಯುತ್ತಾರೆ. ಗ್ಲೂನ್ ಎಂದರೆ ಪೀಳಿಗೆಯೂ ಹೌದು. ಇಷ್ಟೆಲ್ಲ ಓದಿದ ಮೇಲೂ ನನಗೆ ಆ ಪದ ಎಂದರೆ ಔಡಲೆಣ್ಣೆಯ ವಾಸನೆ, ಬಾಯ್ಲರಿನ ಗುಡುಗುಡು. ಇಬ್ಬರಿಗೂ ಸಮನಾಗಿ ತಿಳಿಯುವ ಒಂದು ಪೂರ್ತಿ ವಾಕ್ಯ ಆ ಇಬ್ಬರ ನಡುವೆ ಇರಲಿಲ್ಲ. ವಾಕ್ಯಗಳು ಬೇಕಾದಷ್ಟಿದ್ದೂ ಒಬ್ಬರಿಗೊಬ್ಬರು ಕಾಲು ಚಾಚದ ಜನರನ್ನು ನಾನು ಈ ವಯಸ್ಸಿಗೆ ಬಹಳ ನೋಡಿದ್ದೇನೆ. ಅದಕ್ಕೇ ಅವರಿಬ್ಬರನ್ನು ನೆನೆದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ.

ಟಿಕೀಟಿನ ಮಾತು ಏನಾಯಿತು? ಅಪ್ಪ ತೆಗೆಯಲಿಲ್ಲ, ಅಜ್ಜಿ ಕೇಳಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಆ ಪದವನ್ನು ಬಾಯಿಗೆ ತರುತ್ತಿರಲಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ಗದಗಿನಿಂದ ಅಪ್ಪನ ತಂಗಿಯ, ಎಂದರೆ ನನ್ನ ಅತ್ತೆಯ, ಫೋನು ಬಂತು. ಅಡುಗೆಮನೆಯ ಗೋಡೆಯ ಫೋನು, ಸುರುಳಿ ವೈರಿನದು. ಅತ್ತೆಯ ದನಿ ಎಷ್ಟು ದೊಡ್ಡದೆಂದರೆ ರಿಸೀವರು ಅಜ್ಜಿಯ ಕಿವಿಯಲ್ಲಿದ್ದರೂ ನಮಗೆಲ್ಲ ಕೇಳಿಸುತ್ತಿತ್ತು. ಅಜ್ಜಿಯ ಹೆಗಲ ಮೇಲೆ ಟವೆಲು, ಕೈಯಲ್ಲಿ ಎಣ್ಣೆ ಬಟ್ಟಲು.

“ಅವ್ವಾ, ಕಾಲು ಬರವಲ್ದಂತ? ಅಣ್ಣ ಹೇಳ್ಯಾನ. ಯಾವಾಗ ಬರ್ತೀ? ನಿನ್ನ ಖೋಲಿ ಸಾರಿಸಿ ಇಟ್ಟೀನಿ.”

ಅಮ್ಮ ಒಲೆಯ ಮುಂದೆ ಸೌಟು ಹಿಡಿದು ನಿಂತುಬಿಟ್ಟಳು. ಅಪ್ಪ ಶೂ ಕಟ್ಟುತ್ತಿದ್ದವನು ಬಗ್ಗಿದಲ್ಲೇ ಉಳಿದ. ಅಜ್ಜಿ ಬಟ್ಟಲಿನ ಎಣ್ಣೆ ಚೆಲ್ಲದಂತೆ ನೋಡಿಕೊಂಡಳು.

“ಕೇಳಸ್ತೈತೇನವ್ವ? ಅಲ್ಲಿ ಕೂಸಿಗೆ ಎರಿಯಾವ್ರು ಯಾರು ಮತ್ತ?”

“ನಾವು.”

“ನಾವು ಅಂದ್ರ? ಯಾರ ಯಾರು?”

“ನಾವು ಅಂದ್ರ ನಾವು. ಇಡು ಫೋನು, ನೀರು ಆರಾಕತ್ತಾವು. ನೋರವ್ವ ಆಗಲೇ ಕಾಲು ಚಾಚಿ ಕುಂತು ಬಿಟ್ಟಾಳ.”